ಶಾಲೆಯ ರೇಡಿಯೋ ಕೆಡಿಸಿದವನು

ಕಂಚಿಕೊಪ್ಪ, ತಾ. ಮುಂಡಗೋಡ
ದಿ. ೧೨-೨-೧೯೬೪

ಶಿವಗಂಗವ್ವ ಅಕ್ಕೋರಿಗೆ,

ಬಸಲಿಂಗಯ್ಯ ಮಾಸ್ತರನ ಶರಣಾರ್ಥಿ. ವಯಸ್ಸಿನಲ್ಲಿ ಹಿರಿಯ, ಅದರಲ್ಲೂ ಅಯ್ಯನವರ ಮನೆತನದವನು. ಆಶೀರ್ವಾದ ಎಂದು ಬರೆಯಬೇಕಿತ್ತು. ಬರೆಯಹೋದೆ, ಕೈ ಏಳಲಿಲ್ಲ.

ನೀವು ಅಣಶಿಯ ಶಾಲೆಗೆ ಹೋಗಿ ಒಂದೂವರೆ ವರ್ಷವಾಯಿತು. ಅಲ್ಲಿಯ ಮಕ್ಕಳಿಗೆ ಮನೆಮಾತು ಕೊಂಕಣಿ, ನೀವು ಅವರಿಂದಲೇ ಅದನ್ನು ಕಲಿತು ಅವರಿಗೆ ಕನ್ನಡ ಕಲಿಸುತ್ತಿದ್ದೀರಿ ಎಂದು ಯಾರೋ ಹೇಳಿದರು. ಕೇಳಿ ಸಂತೋಷಪಡುವ ಹಕ್ಕೂ ನನಗಿಲ್ಲ. ನಿಮ್ಮನ್ನು ಆ ಕಾಡಿಗೆ ಕಳಿಸಿದ್ದು ಮೇಲಿನ ಕಚೇರಿಯ ಆದೇಶ, ನಿಜ. ಆದರೆ ಆ ಆದೇಶ ಹುಟ್ಟಿದ್ದು ನನ್ನ ಬಾಯಿಂದ.

ರೇಡಿಯೋ ಬಂದ ದಿನ ನಿಮಗೆ ನೆನಪಿರಬೇಕು. ಮುಂಡಗೋಡದಿಂದ ಚಕ್ಕಡಿಯಲ್ಲಿ, ಹುಲ್ಲಿನ ಮೇಲೆ ಕೂಸಿನ ಹಾಗೆ ಮಲಗಿಸಿಕೊಂಡು ತಂದರು. ಊರಿಗೆ ಕರೆಂಟ್ ಇರಲಿಲ್ಲವೆಂದು ಜೊತೆಗೆ ಇಟ್ಟಿಗೆಯಂಥ ಬ್ಯಾಟರಿ. ಧಾರವಾಡ ಆಕಾಶವಾಣಿಯ ಪಾಠಗಳನ್ನು ಮಕ್ಕಳಿಗೆ ಕೇಳಿಸಬೇಕೆಂದು ಹುಕುಂ. ಟ್ರೇನಿಂಗ್ ಕಾಲೇಜಿನಲ್ಲಿ ಅದನ್ನೆಲ್ಲ ಕಲಿತು ಬಂದಿದ್ದ ನೀವು ಎರಡು ಬಿದಿರಿನ ಗಳ ನಿಲ್ಲಿಸಿ, ತಂತಿ ಎಳೆದು, ಗುಂಡಿ ತಿರುಗಿಸಿದಿರಿ. ಗೊರಗೊರ ಸದ್ದಿನ ಹಿಂದಿನಿಂದ ಒಬ್ಬ ಹೆಣ್ಣುಮಗಳು ಇರುವೆ ಗೂಡು ಕಟ್ಟುವ ಬಗೆಯನ್ನು ಹೇಳತೊಡಗಿದಳು. ಇಪ್ಪತ್ತೆಂಟು ವರ್ಷ ನಾನು ಎಷ್ಟು ಗದರಿದರೂ ಸುಮ್ಮನಿರದ ವರ್ಗ ಅಂದು ಬಾಯಿ ತೆರೆದುಕೊಂಡು ಕೂತಿತ್ತು. ಪಾಠ ಮುಗಿದದ್ದೇ ನಾಲ್ಕನೇ ಇಯತ್ತೆಯ ಶಂಕ್ರೆವ್ವ ನನ್ನನ್ನು ದಾಟಿ ನಿಮ್ಮ ಬಳಿ ಓಡಿ, "ಅಕ್ಕೋರ, ನಾಳೆನೂ ಹಚ್ತೀರೇನ್ರಿ?" ಎಂದಳು. ಅಲ್ಲಿಗೆ ನನ್ನ ಹೊಟ್ಟೆಯಲ್ಲಿ ಕಿಚ್ಚು ಬಿತ್ತು.

"ಮಾಸ್ತರ್ರ, ಬರ್ರಿ, ತೋರಸ್ತೇನಿ. ಭಾಳ ಹಗೂರ ಐತಿ" ಎಂದು ನೀವು ಎರಡು ಸಲ ಕರೆದಿರಿ. ಎರಡೂ ಸಲ ಹಾಜರಿ ಪುಸ್ತಕದ ನೆಪ ಹೇಳಿದೆ. ಇಪ್ಪತ್ಮೂರು ವರ್ಷದ ಹುಡುಗಿಯ ಮುಂದೆ, ಮಕ್ಕಳ ಎದುರಿಗೆ, ಹೆಡ್‌ಮಾಸ್ತರ ತನಗೆ ಬರುವುದಿಲ್ಲ ಎನ್ನುವುದು ಹೇಗೆ?

ನೀವು ಅಣ್ಣನ ಮದುವೆಗೆಂದು ಹಳಿಯಾಳಕ್ಕೆ ಹೋದ ವಾರ ಮುಗಿಯುತ್ತ ಬಂದಿದ್ದ ಹಳೆಯ ಬ್ಯಾಟರಿಯ ಬದಲಿಗೆ ಹೊಸದು ಬಂತು. ಶನಿವಾರ ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆಂಬ ಸುದ್ದಿಯೂ ಬಂತು. ನೀವಿಲ್ಲದೆಯೂ ಹಚ್ಚಿ ತೋರಿಸಬಲ್ಲೆ ಎನಿಸಿತು. ಶುಕ್ರವಾರ ನಡುಹೊತ್ತಿನ ಬಿಡುವಿನಲ್ಲಿ ಬಾಗಿಲು ಮುಚ್ಚಿಕೊಂಡು ತಂತಿ ಜೋಡಿಸಿದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಸಿಕ್ಕಿಸಿದೆ. ಚಟ್ ಎಂದಿತು. ಸುಟ್ಟ ವಾಸನೆ ಬಂತು. ಪೆಟ್ಟಿಗೆ ಮೂಕಾಯಿತು. ಮತ್ತೆ ತಂತಿಗಳನ್ನು ಬಿಚ್ಚಿ, ಮೇಲೆ ಬಟ್ಟೆ ಹೊದಿಸಿಟ್ಟೆ.

ಮರುದಿನ ಬೆಳಿಗ್ಗೆ ನೀವು ಮದುವೆಯ ಅರಿಷಿಣದ ಕೈಯಲ್ಲೇ ಬಂದಿರಿ. ಸಾಹೇಬರ ಎದುರು ಹೊಸ ಬ್ಯಾಟರಿ ಜೋಡಿಸಿ ಗುಂಡಿ ತಿರುಗಿಸಿದಿರಿ, ಉಸಿರಿಲ್ಲ. ಯಾವಾಗ ಕೆಟ್ಟಿತೆಂದು ಅವರು ಕೇಳಿದರು. "ಇವರು ಊರಿಗೆ ಹೋಗೂಕ್ಕಿಂತ ಮೊದಲ ಕೆಟ್ಟಿತ್ರಿ. ನನ್ನ ಮುಂದ ಹೇಳಿರಲಿಲ್ಲ" ಎಂದೆ. ನಾಲಿಗೆ ತೊದಲಲೂ ಇಲ್ಲ. "ಇಲ್ರಿ ಸಾಹೇಬ್ರ, ನಾ ಹೋಗೂಮುಂದ ಛಲೋ ಮಾತಾಡ್ತಿತ್ತು" ಎಂದು ನೀವು ಒಂದೇ ಸಲ ಹೇಳಿ ನನ್ನ ಕಡೆ ನೋಡಿದಿರಿ. ನಾನು ಗೋಡೆಯ ನಕಾಶೆ ನೋಡುತ್ತಿದ್ದೆ.

"ಸರಕಾರಿ ಸಾಮಾನನ್ನು ನಿಷ್ಕಾಳಜಿಯಿಂದ ಕೆಡಿಸಿ ಮುಚ್ಚಿಟ್ಟಿದ್ದಾರೆ" ಎಂಬ ವರದಿಗೆ ನಾನೇ ರುಜು ಹಾಕಿದೆ. ನಿಮ್ಮ ನೌಕರಿ ಕಾಯಂ ಆಗುವುದು ನಿಂತಿತು, ವರ್ಗಾವಣೆಯ ಆದೇಶ ಬಂತು. ಹೊರಡುವ ದಿನ ನೀವು ನನ್ನ ಕಾಲು ಮುಟ್ಟಿದಿರಿ. ನೀವು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕಳೆದ ತಿಂಗಳು ಹಳಿಯಾಳದಲ್ಲಿ ಹೆಡ್‌ಮಾಸ್ತರರಿಗೆ ಮೂರು ದಿನದ ರೇಡಿಯೋ ತರಬೇತಿ ಇತ್ತು. ಇದನ್ನು ಹಚ್ಚಲು ಬಾರದವರು ಯಾರು ಎಂದು ಕಲಿಸಲು ಬಂದವರು ಕೇಳಿದರು. ನಲವತ್ತು ಜನ ಗಪ್‌ಚಿಪ್. ನಾನೂ. ಆಗ ಮುಂದಿನ ವರ್ಷ ನಿವೃತ್ತರಾಗುವ ಗೂಳಪ್ಪ ಮಾಸ್ತರರು ಎದ್ದು, "ನನಗೇನೂ ತಿಳಿಯಂಗಿಲ್ರಿ. ಸಣ್ಣ ಹುಡುಗ ಅಂತ ತಿಳದು ಕಲಸ್ರಿ" ಎಂದರು. ಎಲ್ಲರೂ ನಕ್ಕರು, ಅವರೂ ನಕ್ಕರು. ಮುಂದೆ ಹೋಗಿ ತಂತಿಗೆ ಕೈ ಹಾಕಿದರು. ಒಮ್ಮೆ ತಪ್ಪಿದರು, ಕಲಿಸುವವರು ತಕ್ಷಣ ಕೈ ಹಿಡಿದು ತಿದ್ದಿದರು. ಪೆಟ್ಟಿಗೆ ಹಾಡತೊಡಗಿತು. ಅವರ ಮಾನಕ್ಕೆ ಏನೂ ಆಗಲಿಲ್ಲ. ಅಷ್ಟೇ ಇತ್ತು, ಅಕ್ಕೋರೆ. ಅಷ್ಟನ್ನು ಹೇಳಲಾರದೆ ನಾನು ನಿಮ್ಮ ಬಾಳಿನ ಒಂದೂವರೆ ವರ್ಷ ತಿಂದೆ. ಅಲ್ಲಿಯೇ ಎದ್ದು ಹೊರಗೆ ಹೋಗಿ, ಮರದ ಕೆಳಗೆ ಮುಖ ಮುಚ್ಚಿಕೊಂಡು ಕೂತೆ.

ನಡೆದದ್ದನ್ನು ಇದ್ದದ್ದು ಇದ್ದಂತೆ ಬರೆದು ಕಾರವಾರದ ಕಚೇರಿಗೆ ನಿನ್ನೆ ರಜಿಸ್ಟರ್ ಟಪಾಲಿನಲ್ಲಿ ಕಳಿಸಿದ್ದೇನೆ. ನಿಮ್ಮ ಮೇಲೆ ಬರೆದ ದೋಷದ ಶೆರಾ ತೆಗೆದು ಕಾಯಂ ಮಾಡಬೇಕೆಂದು ಕೇಳಿದ್ದೇನೆ. ನನಗೆ ಏನು ಮಾಡುತ್ತಾರೋ ಮಾಡಲಿ. ಕ್ಷಮೆ ಕೇಳುತ್ತಿಲ್ಲ, ಕೇಳಿದರೆ ನೀವು ಕೊಟ್ಟುಬಿಡುವವರು ಎಂದು ಗೊತ್ತಿದೆ.

ತಲೆ ತಗ್ಗಿಸಿರುವ
ಬಸಲಿಂಗಯ್ಯ

ತಾ.ಕ.: ಇದೊಂದನ್ನು ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಸೋಮವಾರ ಮಕ್ಕಳ ಮುಂದೆ ನಿಂತು, ರೇಡಿಯೋ ಕೆಡಿಸಿದವನು ನಾನು, ಅಕ್ಕೋರಲ್ಲ ಎಂದು ಹೇಳಿದೆ. ಯಾರಿಗೂ ಆಶ್ಚರ್ಯವಾಗಲಿಲ್ಲ. ಶಂಕ್ರೆವ್ವ ಎದ್ದು ನಿಂತು, "ನಮಗ ಗೊತ್ತೈತ್ರಿ. ಅವತ್ತ ಕಿಡಕ್ಯಾಗಿಂದ ನೋಡಿದ್ವಿ" ಎಂದಳು. ಮತ್ತೆ ಸಾಹೇಬರ ಮುಂದೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. "ನೀವ ಹೇಳ್ತೀರಿ ಅಂತ ಕಾದ್ವಿರಿ" ಎಂದಳು.