ಮುರಿಯಲೇಬೇಕಾದ ತುದಿ

ದೊಡ್ಡಮ್ಮಾ,

ಈ ಕಾಗದ ನಿನ್ನ ಕೈಗೆ ಸಿಕ್ಕಿದೆ ಎಂದರೆ ನೀನು ಗುಂಡಿ ಡಬ್ಬಿ ತೆರೆದಿದ್ದೀಯ. ಯಾಕೆ ತೆರೆದೆ? ಅಂಗಿಯ ಗುಂಡಿ ಕಿತ್ತುಬಂತು ಎಂದು ಮಾತ್ರ ಹೇಳಬೇಡ. ನೀನು ಹೊಲಿದ ಗುಂಡಿ ಅಂಗಿ ಹರಿದರೂ ಬಟ್ಟೆಯ ಚೂರನ್ನು ಬಿಡುವುದಿಲ್ಲ. ಈ ಮನೆಯಲ್ಲಿ ಬೆಳೆದ ನನಗೆ ಅದು ಗೊತ್ತಿಲ್ಲವೇ? ಬೇಕೆಂದೇ ಇಲ್ಲಿ ಇಟ್ಟಿದ್ದೇನೆ. ನನ್ನ ಅನುಮಾನ ಸುಳ್ಳಾದರೆ ನೀನು ತಿಂಗಳುಗಟ್ಟಲೆ ಈ ಡಬ್ಬಿ ಮುಟ್ಟುವುದಿಲ್ಲ. ಯಾವತ್ತಾದರೂ ಓದಿದಾಗ ನನ್ನ ಕಿವಿ ಹಿಂಡು, ಹಿಂಡಿಸಿಕೊಳ್ಳುತ್ತೇನೆ. ನಿಜವಾದರೆ ಇವತ್ತೇ ತೆರೆಯುತ್ತೀಯ, ತಳದಲ್ಲಿ ಬಚ್ಚಿಟ್ಟದ್ದು ಇನ್ನೂ ಇದೆಯೋ ಎಂದು ನೋಡಲು. ಇದೆ, ಹೆದರಬೇಡ. ಒಂದನ್ನೂ ತೆಗೆದಿಲ್ಲ.

ಎದುರಿಗೇ ಕೇಳಬಹುದಿತ್ತು. ನಿನ್ನೆ ಸಂಜೆ ಅದಕ್ಕೆಂದೇ ಅಡುಗೆಮನೆಗೆ ಬಂದೆ. ನೀನು ಬಾಯಿ ತೆರೆಯಲು ಬಿಟ್ಟೆಯಾ? "ಮೊದ್ಲು ಉಣ್ಣು, ಮುಖ ನೋಡು ಹೇಗೆ ಬಾಡಿದೆ" ಎಂದು ಬಡಿಸಿದೆ. ಕೇಳದೆಯೇ ಇನ್ನೊಂದು ಸಲ ಬಡಿಸಿದೆ. "ಬೇಕಾದ್ರೆ ಎದ್ದು ಹಾಕ್ಕೋ, ಕೈ ಇಲ್ವಾ ನಿಂಗೆ?" ಎನ್ನುವವಳು ನೀನು. ಅನ್ನದ ತಟ್ಟೆಯ ಮೇಲೂ ನನಗೆ ಅನುಮಾನ ಬಂತು ನೋಡು, ಅಂಥ ಸ್ಥಿತಿಗೆ ತಂದಿದ್ದೀಯ.

ಕಾರ್ಖಾನೆಗೆ ಬಂದ ಮೊದಲ ದಿನ ನೀನು ನನಗೆ ಹೇಳಿಕೊಟ್ಟದ್ದನ್ನು ಈಗ ನಿನಗೇ ತಿರುಗಿ ಹೇಳುತ್ತೇನೆ. ನೀನು ಮರೆತಿದ್ದೀಯ ಎಂದು ನನ್ನ ಗುಮಾನಿ. ಮುಂದೆ ಒಂದು ದೊಡ್ಡ ವಿಮಾನ, ಹೊಟ್ಟೆ ತುಂಬ ಇಂಧನ. ಅದು ಹಿಂದಕ್ಕೆ ಉದ್ದನೆಯ ರಬ್ಬರ್ ಕೊಳವೆ ಇಳಿಬಿಡುತ್ತದೆ, ಕೊಳವೆಯ ಕೊನೆಗೆ ಆಲಿಕೆಯಂಥ ಬುಟ್ಟಿ. ಹಿಂದೆ ಹಾರಿ ಬರುವ ಚಿಕ್ಕ ವಿಮಾನದ ಮೂಗಿನ ಪಕ್ಕ ಚಾಚಿದ ಪೈಪು. ಪೈಪಿನ ತುದಿ ಬುಟ್ಟಿಯೊಳಗೆ ಹೊಕ್ಕು ಕಚ್ಚಿಕೊಂಡರೆ ಆಕಾಶದಲ್ಲೇ ಇಂಧನ ಹರಿಯುತ್ತದೆ. ನಾವು ಮಾಡುವುದು ಆ ಪೈಪು ಮತ್ತು ಅದರ ಗೇಣುದ್ದದ ತುದಿ. ಪೈಪಿನ ಬುಡಕ್ಕೆ ಗಟ್ಟಿ ಪಿನ್ನು. ತುದಿಗೆ ಮೆದು ಪಿನ್ನು. ಅಳತೆ ಒಂದೇ, ಬಣ್ಣ ಒಂದೇ. ತುದಿಗೆ ಮಾತ್ರ ಯಾಕೆ ಮೆದು ಎಂದು ಕೇಳಿದ್ದಕ್ಕೆ ನೀನು ಹೇಳಿದ್ದು ಹೀಗೆ: "ಕಚ್ಕೊಂಡಿರೋವಾಗ ಗಾಳಿ ಎತ್ತಿ ಹಾಕಿದ್ರೆ, ಎರಡು ವಿಮಾನ ಎರಡು ಕಡೆ ಎಳೆದ್ರೆ, ಈ ಪಿನ್ನು ಪಟ್ ಅಂತ ತುಂಡಾಗ್ಬೇಕು ಕಣೇ. ತುದಿ ಬುಟ್ಟೀಲೇ ಉಳ್ಕೊಳ್ಳುತ್ತೆ. ಹುಡುಗ ಮನೆಗೆ ಬರ್ತಾನೆ."

ಯಾವ ಹುಡುಗ ಎಂದು ನಾನು ಕೇಳಲಿಲ್ಲ. ವಿಮಾನ ನಡೆಸುವವನು ನಿನಗೆ ಯಾವಾಗಲೂ ಹುಡುಗನೇ.

ಆಮೇಲೆ ಏನಾಯಿತು? ಪರೀಕ್ಷೆಯ ಹಾರಾಟಗಳಲ್ಲಿ ಮೇಲಿಂದ ಮೇಲೆ ತುದಿಗಳು ಮುರಿದವು. ವಿಮಾನಗಳು ಬೋಳು ಪೈಪು ಹೊತ್ತು ಇಳಿದವು. ಇದನ್ನೆಲ್ಲ ಚಿತ್ರ ಬರೆದು ರೂಪಿಸಿದ ನಮ್ಮ ಪೆನ್ಸಿಲ್ ಮೇಡಂ ಜಡೆಯಲ್ಲಿ ಸಿಕ್ಕಿಸಿದ ಪೆನ್ಸಿಲ್ ಮುಟ್ಟಿಕೊಂಡು, "ಮುರಿದಿದ್ದು ಒಳ್ಳೇದೇ ಆಯ್ತು, ಅದರ ಕೆಲ್ಸ ಅದು ಮಾಡಿದೆ" ಎಂದರು. ಮ್ಯಾನೇಜರಿಗೆ ಅದು ಕೇಳಿಸಬೇಕಲ್ಲ. ಎಲ್ಲರ ಮುಂದೆ ನಿನ್ನ ಮೇಜಿನ ಹತ್ತಿರ ನಿಂತು, "ಏನ್ ಉಡದಮ್ಮಾ, ಪಟ್ಟು ಸಡಿಲ ಆಯ್ತಾ? ವಯಸ್ಸಾಯ್ತು ಬಿಡಿ" ಎಂದರು. ಹಿಡಿದದ್ದು ಬಿಡದ ನಿನ್ನ ಕೈಗೆ ಮೆಚ್ಚಿ ಅವರೇ ಇಟ್ಟಿದ್ದ ಹೆಸರು ಅದು. ಎಲ್ಲರೂ ನಕ್ಕರು. ನೀನು ನಿನ್ನ ಏಪ್ರನ್ನಿನ ಸುಕ್ಕು ಸರಿಮಾಡಿಕೊಂಡೆ. ಇಲ್ಲದ ಸುಕ್ಕು.

ಅಂದಿನಿಂದ ಒಂದು ತುದಿಯೂ ಮುರಿದು ಬರಲಿಲ್ಲ. ಗಾಳಿ ಅದೇ, ವಿಮಾನಗಳು ಅವೇ. ಎಲ್ಲರಿಗೂ ಖುಷಿ. ನನಗೊಬ್ಬಳಿಗೆ ಸಮಾಧಾನವಿಲ್ಲ. ಯಾಕೆಂದರೆ ಆಮೇಲೆ ಒಂದು ಬುಟ್ಟಿ ಕಡ್ಡಿಗಳೆಲ್ಲ ಬಾಗಿ, ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ಬಂತು. ಅದರೊಳಗೆ ಹೊಕ್ಕ ತುದಿ ಮಾತ್ರ ಗಟ್ಟಿಮುಟ್ಟಾಗಿತ್ತು. ಅದನ್ನು ನೋಡಿದ ಕೂಡಲೇ ನನಗೆ ನನ್ನ ಸ್ಕೂಲ್ ಬ್ಯಾಗು ನೆನಪಾಯಿತು.

ನಿನಗೂ ಆಗಿರಬೇಕು. ಬ್ಯಾಗಿನ ಪಟ್ಟಿ ಒಂದು ಸಲ ಕಿತ್ತುಹೋಯಿತೆಂದು ನೀನು ಚಪ್ಪಲಿ ಹೊಲಿಯುವ ದಾರ ತಂದು, ನಾಲ್ಕು ಪದರ ಹಾಕಿ, ಹಲ್ಲಿನಿಂದ ಗಂಟು ಬಿಗಿದು ಹೊಲಿದಿದ್ದೆ. "ಇನ್ನು ಆನೆ ಕಟ್ಟಿದ್ರೂ ಕೀಳಲ್ಲ" ಎಂದಿದ್ದೆ. ಆನೆ ಕಟ್ಟಲಿಲ್ಲ, ಬಸ್ಸಿನ ಬಾಗಿಲಿನ ಕೊಂಡಿಗೆ ಸಿಕ್ಕಿಕೊಂಡಿತು. ಬಸ್ಸು ಹೊರಟಿತು. ಪಟ್ಟಿ ಕೀಳಲಿಲ್ಲ. ಬ್ಯಾಗಿನ ಹೊಟ್ಟೆ ಹರಿದು ಪುಸ್ತಕವೆಲ್ಲ ಚೆಲ್ಲುವವರೆಗೆ ನಾನು ರಸ್ತೆಯ ಮೇಲೆ ಉಜ್ಜಿಕೊಂಡು ಹೋದೆ. ಮೊಣಕೈಗೆ ಔಷಧಿ ಹಚ್ಚುತ್ತ ನೀನು ಡ್ರೈವರನನ್ನು ಬೈದೆ, ಬಾಗಿಲನ್ನು ಬೈದೆ, ನನ್ನ ಅವಸರವನ್ನು ಬೈದೆ. ಹೊಲಿಗೆಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆದರೂ ನಿನ್ನ ಮೇಲೆ ಅನುಮಾನ ಪಡಲು ನಾನು ಬಹಳ ತಡಮಾಡಿದೆ. ಮೊದಲು, ತುದಿಯನ್ನು ಎಳೆದು ಮುರಿದು ನೋಡುವ ನನ್ನ ಯಂತ್ರವೇ ಸುಳ್ಳು ಹೇಳುತ್ತಿದೆ ಎಂದುಕೊಂಡೆ. ಆಮೇಲೆ ಪಿನ್ನಿನ ಡಬ್ಬ ಕೊಡುವ ಸ್ಟೋರಿನ ಮಾವ ಅದಲುಬದಲು ಮಾಡಿರಬೇಕು ಎಂದುಕೊಂಡು ಎರಡು ದಿನ ಅವರನ್ನು ಕಳ್ಳಬೆಕ್ಕಿನ ಹಾಗೆ ಹಿಂಬಾಲಿಸಿದೆ. "ಏನಮ್ಮಾ ನನ್ ಬೆನ್ನ ಮೇಲೆ ಸಿನಿಮಾ ಓಡ್ತಿದ್ಯಾ?" ಎಂದು ಅವರು ನಕ್ಕರು. ಪೆನ್ಸಿಲ್ ಮೇಡಂ ಮೇಲೂ ಗುಮಾನಿಪಟ್ಟೆ. ಉಳಿದದ್ದು ನಮ್ಮಲ್ಲಿ ಯಾರೂ ಪ್ರಶ್ನೆ ಮಾಡದ ಒಂದು ಪದ್ಧತಿ. ಸಿದ್ಧವಾದ ತುದಿಗಳನ್ನು ಜೋಡಿಸಿದ ಪ್ರತಿ ತಟ್ಟೆಯಿಂದ ಒಂದನ್ನು ನನ್ನ ಯಂತ್ರಕ್ಕೆ ಬಲಿ ಕೊಡಬೇಕು. ಹೇಳಿದ ಭಾರಕ್ಕೆ ಅದು ಮುರಿದರೆ ಆ ತಟ್ಟೆಯೆಲ್ಲ ಪಾಸು. ಆ ಬಲಿಯನ್ನು ಆರಿಸಿ ಎತ್ತಿ ಕೊಡುವುದು ಪಿನ್ನು ಕೂರಿಸಿದವರ ಹಕ್ಕು. ಎಂದಿನಿಂದ ಹಾಗೆ, ಯಾಕೆ ಹಾಗೆ, ಯಾರಿಗೂ ಗೊತ್ತಿಲ್ಲ. ನೀನೇ ಕೂರಿಸುತ್ತೀಯ, ನೀನೇ ಎತ್ತಿ ಕೊಡುತ್ತೀಯ, ನಾನು ಎಳೆಯುತ್ತೇನೆ, ಅದು ಮುರಿಯುತ್ತದೆ. ನೀನು ಕೊಟ್ಟದ್ದು ಒಂದೂ ತಪ್ಪದೆ ಮುರಿಯುತ್ತಿತ್ತು.

ಮೊನ್ನೆ ಮಾತ್ರ "ಕೈ ಜಿಡ್ಡಾಗಿದೆ, ನೀನೇ ಒಂದು ಎತ್ಕೋ" ಎಂದೆ. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ ಎಂದು ನಾನು ತಟ್ಟೆಯ ನಟ್ಟನಡುವಿನದನ್ನೇ ಎತ್ತಿದೆ. ಯಂತ್ರಕ್ಕೆ ಸಿಕ್ಕಿಸಿ ಎಳೆದೆ; ಭಾರ ತೋರಿಸುವ ಮುಳ್ಳು, ತುದಿ ಮುರಿಯಬೇಕಾದ ಗೆರೆಯನ್ನು ದಾಟಿತು. ಮುಂದಿನ ಕೆಂಪು ಗೆರೆಯನ್ನೂ ದಾಟಿತು. ಯಂತ್ರ ನರಳಿತು, ತುದಿ ಜಗ್ಗಲಿಲ್ಲ. ಹಿಂದಿನಿಂದ ನೀನು ನನ್ನ ಭುಜ ಒತ್ತಿ ಹಿಡಿದು, "ನಿಲ್ಸು" ಎಂದೆ. ಅಷ್ಟೇ.

ಮೇಡಂ ಹತ್ತಿರ ಹೋಗಿ ನಾನು ಹೇಳಿದ್ದು ಇಷ್ಟು: ನಾನು ಎಳೆದೆ, ಮುರಿಯಲಿಲ್ಲ. ಹಾರಾಟ ನಿಂತಿತು, ಎಲ್ಲ ತುದಿಗಳನ್ನೂ ಬಿಚ್ಚಿಟ್ಟರು. ಯಾರು ಮಾಡಿದ್ದು ಎಂದು ನಾನು ಹೇಳಲಿಲ್ಲ, ಯಾಕೆಂದರೆ ಕಣ್ಣಾರೆ ಕಂಡಿರಲಿಲ್ಲ. ಅನುಮಾನವನ್ನು ಸತ್ಯ ಎಂದು ಹೇಳುವುದೂ ಸುಳ್ಳೇ. ಮ್ಯಾನೇಜರು ಮಾತ್ರ ಯೋಚನೆಯನ್ನೇ ಮಾಡಲಿಲ್ಲ. "ಉಡದಮ್ಮ ಅಂಥೋರಲ್ಲ. ಸ್ಟೋರಿಂದ್ಲೇ ತಪ್ಪು ಪಿನ್ನು ಬಂದಿದೆ" ಎಂದು ಮಾವನನ್ನು ಮನೆಗೆ ಕಳಿಸಿದರು. ನಾಳೆ ಬೆಳಿಗ್ಗೆ ಅವರ ವಿಚಾರಣೆ. ಅವರು ಬುತ್ತಿಯ ಚೀಲ ಹಿಡಿದು ನಿನ್ನ ಮೇಜಿನ ಮುಂದೆಯೇ ಹಾದುಹೋದರು, ದೊಡ್ಡಮ್ಮಾ. "ನೀವಾದ್ರೂ ಹೇಳಿ ತಾಯಿ, ನಾನ್ ಯಾವತ್ತಾದ್ರೂ ತಪ್ಪು ಡಬ್ಬ ಕೊಟ್ಟಿದೀನಾ?" ಎಂದರು. ನೀನು ತಲೆ ಎತ್ತಲಿಲ್ಲ. ಅದನ್ನು ನಾನು ಕಣ್ಣಾರೆ ಕಂಡೆ.

ನಿನ್ನೆ ಊಟವಾದ ಮೇಲೆ ಸೂಜಿ ಹುಡುಕುತ್ತ ಈ ಡಬ್ಬಿಗೆ ಕೈಹಾಕಿದೆ. ಗುಂಡಿಗಳ ಕೆಳಗೆ ಏನೋ ತಣ್ಣಗೆ ಬೆರಳಿಗೆ ತಾಗಿತು. ಮೆದು ಪಿನ್ನುಗಳು. ಸ್ಟೋರಿನಿಂದ ತಂದು, ನನಗೆ ಎತ್ತಿ ಕೊಡುವ ಒಂದನ್ನು ಬಿಟ್ಟು ಉಳಿದ ತುದಿಗಳಿಗೆಲ್ಲ ಗಟ್ಟಿ ಪಿನ್ನು ಕೂರಿಸಿ, ವಾಪಸು ಕೊಡಲೂ ಆಗದೆ ಮನೆಗೆ ತಂದವು. ಒಂದನ್ನು ಇಕ್ಕಳದಲ್ಲಿ ಹಿಡಿದು ತಿರುಚಿದೆ, ಬೆಣ್ಣೆಯ ಹಾಗೆ ಬಾಗಿತು. ಅದನ್ನೂ ಇದರಲ್ಲೇ ಹಾಕಿದ್ದೇನೆ, ನೋಡು.

ನೀನು ಇದನ್ನು ಕೇಡು ಬಯಸಿ ಮಾಡಿಲ್ಲ. ಮುರಿಯುವ ವಸ್ತು ನಿನ್ನ ಕೈಯಿಂದ ಹೋಗುವುದು ನಿನಗೆ ಸಹಿಸುವುದಿಲ್ಲ. ಆದರೆ ಹಿಡಿತ ಬಿಡದ ತುದಿ ಆ ಹುಡುಗನನ್ನು ಬಸ್ಸು ನನ್ನನ್ನು ಎಳೆದ ಹಾಗೆ ಎಳೆಯುತ್ತದೆ, ಅಲ್ಲಿ ಕೆಳಗೆ ರಸ್ತೆಯೂ ಇರುವುದಿಲ್ಲ. ನಾಳೆ ನೀನು ಮೊದಲನೇ ಬಸ್ಸಿಗೆ ಹೋಗು. ನಾನು ಎರಡನೆಯದಕ್ಕೆ ಬರುತ್ತೇನೆ. ಅಷ್ಟರೊಳಗೆ ನೀನು ಹೇಳಿದ್ದರೆ ನಾನು ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ. ಹೇಳದಿದ್ದರೆ ಈ ಡಬ್ಬಿಯಲ್ಲಿ ಕಂಡದ್ದನ್ನು ನಾನು ಹೇಳುತ್ತೇನೆ. ಇದು ಬೆದರಿಕೆಯಲ್ಲ, ನನ್ನ ಸ್ವಭಾವ ನಿನಗೆ ಗೊತ್ತು. ಮಾಡದ ಪ್ರಯೋಗದ ಫಲಿತಾಂಶ ಬರೆ ಎಂದದ್ದಕ್ಕೆ ಶಾಲೆಯನ್ನೇ ಬಿಟ್ಟು ಬಂದವಳು ನಾನು. ಅವತ್ತು ನೀನು ಬೈಯಲಿಲ್ಲ. "ಸರಿ, ನನ್ ಜೊತೆ ಬಾ" ಎಂದು ಕರೆದುಕೊಂಡು ಹೋಗಿ, ಬೇರೆ ಯಾವ ಕೆಲಸಕ್ಕೂ ಹಾಕದೆ ನನ್ನನ್ನು ಎಳೆಯುವ ಯಂತ್ರದ ಮುಂದೆಯೇ ನಿಲ್ಲಿಸಿದೆ.

ಕೊನೆಗೆ ಒಂದು ಅನುಮಾನ ಉಳಿದಿದೆ. ಮೊನ್ನೆ ತೊಟ್ಟಿದ್ದ ತಿಳಿನೀಲಿ ಅಂಗಿಯನ್ನು ಈಗಷ್ಟೇ ಒಗೆಯಲು ತೆಗೆದೆ. ನೀನು ಒತ್ತಿ ಹಿಡಿದ ಭುಜವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಚುಕ್ಕೆ ಜಿಡ್ಡಿಲ್ಲ. ನಿನ್ನ ಕೈ ಒಣಗಿತ್ತು, ದೊಡ್ಡಮ್ಮಾ. ಮತ್ತೆ "ನೀನೇ ಎತ್ಕೋ" ಎಂದು ಯಾಕೆ ಹೇಳಿದೆ? ನಾನು ಕಂಡುಹಿಡಿಯಲಿ ಎಂದೇ?

ಇದುವರೆಗೆ ಪಟ್ಟ ಅನುಮಾನಗಳೆಲ್ಲ ಸುಳ್ಳಾಗಲಿ ಎಂದು ಬೇಡಿಕೊಂಡವಳು ನಾನು. ಇದೊಂದು ಮಾತ್ರ ನಿಜವಾಗಲಿ.

ನಾಳೆ ಹೇಳುವಾಗ ನಿನ್ನ ದನಿ ನಡುಗದಿರಲಿ. ಬುತ್ತಿ ನಾನು ತರುತ್ತೇನೆ, ಇಬ್ಬರಿಗೂ.

ಇಂತಿ,
ನೀನು ಸಾಕಿದ ಅನುಮಾನದ ಪಿಶಾಚಿ