ಆಯುಧಪೂಜೆಯ ಫೋಟೋ

ಸುಬಾಂಗ್ ಜಯಾ, ಮಲೇಷ್ಯಾ
೧೯ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ಸುಮಂತ,

ನಿನಗೂ ಚೈತನ್ಯಾಳಿಗೂ ಅಕ್ಕನ ಆಶೀರ್ವಾದ. "ಟಿಕೆಟ್ ಬುಕ್ ಮಾಡಬೇಡ, ಆಮೇಲೆ ಹೇಳುತ್ತೇನೆ" ಎಂದೊಂದು ಮೆಸೇಜ್ ಹಾಕಿ ಇಷ್ಟು ದಿನ ಬಾಯಿ ಮುಚ್ಚಿ ಕೂತದ್ದಕ್ಕೆ ಮೊದಲು ಕ್ಷಮಿಸು. ನೀನು ಮಾಡಿದ ಫೋನುಗಳನ್ನೆಲ್ಲ ನೋಡಿದ್ದೇನೆ, ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಿ ಏನೂ ಮಾತಾಡಬೇಡಿ ಎಂದು ವಕೀಲರು ಹೇಳಿದ್ದಾರೆ. ಶ್ರೀಯಾಳ ಕೈ ಹಿಡಿದು ಮಂಟಪಕ್ಕೆ ಕರೆತರಬೇಕಾದ ಸೋದರಮಾವನಿಗೇ ಮದುವೆಗೆ ಬರಬೇಡ ಎಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಈ ಪತ್ರವನ್ನು ನಮ್ಮ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಪೃಥ್ವಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳು ಹಬ್ಬಕ್ಕೆ ಮಣಿಪಾಲಕ್ಕೆ ಹೊರಟಿದ್ದಾಳೆ. ಓದಿದ ಮೇಲೆ ಹರಿದು ಹಾಕು.

ನೀನು ಮೇ ತಿಂಗಳಲ್ಲಿ ಬಂದು ಹೋದೆಯಲ್ಲ, ಅದಾದ ಮೇಲೆ ನಿನ್ನ ಭಾವನ ಕಂಪನಿಯವರು ಹೂಗುಚ್ಛ ಕೊಟ್ಟು ಅವರನ್ನು ಮನೆಗೆ ಕಳಿಸಿದರು. ಈಗ ನನ್ನ ಕೆಲಸದ ವೀಸಾದ ಮೇಲೆಯೇ ಎಲ್ಲರೂ ಇಲ್ಲಿರುವುದು. ಅದನ್ನು ಅವರಿಗೆ ಸಹಿಸಲಾಗಲಿಲ್ಲ. ಮೊದಲು ಶೂಟಿಂಗ್ ಕ್ಲಬ್ಬಿಗೆ ಸೇರಿದರು. ಆಗಲಿ ಬಿಡು, ಸೋಫಾ ಬಿಟ್ಟು ಎದ್ದರಲ್ಲ ಎಂದು ನಾನೂ ಸುಮ್ಮನಿದ್ದೆ. ಬಂದೂಕು ಕ್ಲಬ್ಬಿನದು, ಗುಂಡೂ ಅವರದೇ, ಎರಡೂ ಅಲ್ಲಿಂದ ಹೊರಗೆ ಬರುವಂತಿಲ್ಲ. ಆದರೆ ಇವರು ಹಾರಿಸಿ ಬಿದ್ದ ಖಾಲಿ ಹಿತ್ತಾಳೆ ಕೋಶಗಳನ್ನು ಪ್ಯಾಂಟಿನ ಜೇಬಿನಲ್ಲಿ ತುಂಬಿಕೊಂಡು ಬರತೊಡಗಿದರು. ವಾಷಿಂಗ್ ಮೆಷಿನ್ನಿನಲ್ಲಿ ಗಲಗಲ ಸದ್ದಾದಾಗಲೇ ನನಗೆ ಗೊತ್ತಾದದ್ದು.

ಕೇಳಿದರೆ, ಖಾಲಿ ಕೋಶಕ್ಕೆ ಮತ್ತೆ ಮದ್ದು ತುಂಬಿ ಗುಂಡು ಕೂರಿಸುವುದನ್ನು ಕಲಿಯುತ್ತಾರಂತೆ. ಅಮೆರಿಕದ ಗಡ್ಡದ ಮುದುಕನೊಬ್ಬ ಯೂಟ್ಯೂಬಿನಲ್ಲಿ ಗುರು. ಹಿಂದಿನ ಕೆಲಸದವಳ ಕೋಣೆ ಪಾಠಶಾಲೆ. ಮೇಜಿಗೆ ಒಂದು ಒತ್ತುಯಂತ್ರ ಬಂತು. ನಾನು ಚಿನ್ನ ತೂಗಲು ಇಟ್ಟುಕೊಂಡಿದ್ದ ಪುಟ್ಟ ತಕ್ಕಡಿ ಅಲ್ಲಿಗೆ ಹೋಯಿತು. ಮದ್ದು ಎಲ್ಲಿಂದ ಬಂತೋ ಇವತ್ತಿಗೂ ನನಗೆ ಹೇಳಿಲ್ಲ. ಕೋಶಗಳನ್ನು ಹುಣಸೆಹುಳಿಯಲ್ಲಿ ನೆನೆಸಿ ಫಳಫಳ ತಿಕ್ಕುತ್ತಿದ್ದರು ಸುಮಂತ. ಮದುವೆಯಾದಾಗಿನಿಂದ ಈ ಮನುಷ್ಯ ದೇವರ ಒಂದು ದೀಪ ತಿಕ್ಕಿದ್ದನ್ನು ನಾನು ಕಂಡಿಲ್ಲ.

ಶುರುವಿಗೆ ಎಲ್ಲ ಎಡವಟ್ಟು. ಒಂದರ ಮೂತಿ ಜಜ್ಜಿತು, ಇನ್ನೊಂದರಲ್ಲಿ ಗುಂಡು ಸೊಟ್ಟಗೆ ಕೂತಿತು, ಮತ್ತೊಂದು ಯಂತ್ರದೊಳಗೇ ಸಿಕ್ಕಿಕೊಂಡು ಅರ್ಧ ದಿನ ಅದರ ಜೊತೆ ಗುದ್ದಾಟ. ಊಟಕ್ಕೆ ಕರೆದರೆ, "ತೂಗುವಾಗ ಮಾತಾಡಿಸಬೇಡ, ಮದ್ದು ಎರಡು ಸಲ ಬಿದ್ರೆ ಬಂದೂಕೇ ಒಡೀತದೆ" ಎನ್ನುತ್ತಿದ್ದರು. ಮಗಳಿಗೆ ಗಣಿತ ಹೇಳಿಕೊಡುವಾಗ ಎರಡು ನಿಮಿಷಕ್ಕೆ ಪುಸ್ತಕ ಎಸೆಯುತ್ತಿದ್ದವರು ಚಿಟಿಕೆ ಮದ್ದನ್ನು ಮತ್ತೆ ಮತ್ತೆ ತೂಗಿದರು. ನೋಡಿ ನನಗೆ ನಗುವೂ ಬಂತು, ಮೈಯೂ ಉರಿಯಿತು.

"ಇಲ್ಲಿ ಮನೆಯಲ್ಲಿ ಒಂದೇ ಒಂದು ಗುಂಡು ಸಿಕ್ಕಿದ್ರೂ ಒಳಗೆ ಹಾಕ್ತಾರೆ. ನನ್ನ ಕೆಲಸವೂ ಹೋಗ್ತದೆ. ಮಗಳ ಮದುವೆ ಹತ್ತಿರ ಬಂತು" ಎಂದೆ.

"ಯಾರು ಬಂದು ನೋಡ್ತಾರೆ ಮಾರಾಯ್ತಿ? ನೀ ಸುಮ್ಮನಿರು. ನಾನು ಹಾರಿಸ್ಲಿಕ್ಕೆ ಮಾಡುವುದಲ್ಲ. ಕೈಯಲ್ಲಿ ಒಂದು ಕೆಲಸ ಉಂಟು ಅಂತ ಅಷ್ಟೆ."

ಯಾರೂ ಬಂದು ನೋಡಬೇಕಾಗಲಿಲ್ಲ, ಇವರೇ ತೋರಿಸಿದರು. ಆಯುಧಪೂಜೆಯ ದಿನ ನಾನು ಕಾರಿಗೂ ಮಿಕ್ಸಿಗೂ ಹೂವಿಟ್ಟು, ನನ್ನ ಸ್ಟೆತಸ್ಕೋಪಿಗೆ ಕುಂಕುಮ ಹಚ್ಚಿ ಕ್ಲಿನಿಕ್ಕಿಗೆ ಹೋದೆ. ತಮಿಳು ಹೂವಿನಂಗಡಿಯಿಂದ ತಂದ ಸೇವಂತಿಗೆ ಮಾಲೆ ಒಂದು ಮೊಳ ಮಿಕ್ಕಿತ್ತು. ಅದನ್ನು ಆ ಯಂತ್ರಕ್ಕೆ ಸುತ್ತಿ, ಮಾಡಿದ ಗುಂಡುಗಳನ್ನು ಬಾಳೆಎಲೆಯ ಮೇಲೆ ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಕುಂಕುಮದ ಬೊಟ್ಟಿಟ್ಟು ಫೋಟೋ ತೆಗೆದಿದ್ದಾರೆ. ಇಲ್ಲಿಯ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಅವತ್ತು ತಮ್ಮ ಕಾರು, ಲ್ಯಾಪ್‌ಟಾಪು ಹಾಕುತ್ತಿದ್ದರು. ಇವರು ಇದನ್ನು ಹಾಕಿ ಕೆಳಗೆ ಬರೆದರು: "ನಿಮ್ಮದೆಲ್ಲ ಲ್ಯಾಪ್‌ಟಾಪ್ ಪೂಜೆ. ನಮ್ಮ ಮನೆಯದ್ದು ನಿಜವಾದ ಆಯುಧಪೂಜೆ."

ಕೈಮುಗಿದ ಚಿತ್ರ, ಹೃದಯದ ಚಿತ್ರ ಬೇಕಾದಷ್ಟು ಬಂದವು. ಕೆಲಸ ಹೋದ ಮೇಲೆ ಅಷ್ಟು ಜನ ಇವರನ್ನು ಮೆಚ್ಚಿದ್ದು ಅದೇ ಮೊದಲು. ರಾತ್ರಿ ಎರಡು ಹೋಳಿಗೆ ಹೆಚ್ಚು ತಿಂದರು. ಯಾರು ಎಲ್ಲಿಗೆ ಕಳಿಸಿದರೋ ಗೊತ್ತಿಲ್ಲ, ವಾರದೊಳಗೆ ಪೊಲೀಸರು ಬಾಗಿಲಲ್ಲಿದ್ದರು.

ಬಂದವರು ಮರ್ಯಾದಸ್ಥರು. ಬೂಟು ಕಳಚಿಯೇ ಒಳಗೆ ಬಂದರು. ಆ ಕೋಣೆಯಲ್ಲಿದ್ದುದನ್ನೆಲ್ಲ ಚೀಲಗಳಿಗೆ ತುಂಬಿದರು, ಒಣಗಿದ ಮಾಲೆಯನ್ನೂ ಬಿಡಲಿಲ್ಲ. ಹಾಲಿನ ತುಂಬ ಹರಡಿದ್ದ ಲಗ್ನಪತ್ರಿಕೆಗಳನ್ನು ಒಬ್ಬ ಜೋಪಾನವಾಗಿ ಪಕ್ಕಕ್ಕೆ ಸರಿಸಿ, "ಮಗಳ ಮದುವೆಯೇ ಆಂಟಿ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಹೂಂ ಎಂದೆ. ನಿನ್ನ ಭಾವನನ್ನು ಕರೆದುಕೊಂಡು ಹೋಗಿ ನಾಲ್ಕು ದಿನ ಇಟ್ಟುಕೊಂಡು ಜಾಮೀನಿನ ಮೇಲೆ ಬಿಟ್ಟರು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಬರೆದದ್ದು ಇದನ್ನು ಹೇಳಲಾರದೆ. ಠಾಣೆಯಲ್ಲಿ ನಿನ್ನ ಭಾವ ಹೇಳಿಕೆ ಕೊಟ್ಟಿದ್ದಾರೆ: ಇದೆಲ್ಲ ನನ್ನದಲ್ಲ, ನನ್ನ ಹೆಂಡತಿಯ ತಮ್ಮನದು, ಮೇ ತಿಂಗಳಲ್ಲಿ ಪೆಟ್ಟಿಗೆಯಲ್ಲಿ ತಂದು ಇಲ್ಲಿ ಬಿಟ್ಟು ಹೋದ, ಹಬ್ಬಕ್ಕೆಂದು ತೆಗೆದು ಹೂವಿಟ್ಟೆ ಅಷ್ಟೆ ಎಂದು. ನಿನ್ನ ಪೂರ್ತಿ ಹೆಸರು, ಉಡುಪಿಯ ವಿಳಾಸ ಎಲ್ಲ ಬರೆಸಿದ್ದಾರೆ. ಯಾವ ಪೆಟ್ಟಿಗೆ ಸುಮಂತ? ನೀನು ಹಲಸಿನ ಹಪ್ಪಳ, ಕುಚ್ಚಲಕ್ಕಿ, ನನಗೆಂದು ಮಿಡಿ ಉಪ್ಪಿನಕಾಯಿ ಹೊತ್ತು ತಂದ ಪೆಟ್ಟಿಗೆ. ಆ ಉಪ್ಪಿನಕಾಯಿಯನ್ನು ಇವರು ಈಗಲೂ ದಿನಾ ತಿನ್ನುತ್ತಿದ್ದಾರೆ.

ಮನೆಗೆ ಬಂದ ಮೇಲೆ, ಹೀಗೇಕೆ ಹೇಳಿದಿರಿ ಎಂದು ಕೇಳಿದೆ.

"ಒಂದು ಹೆಸರು ಹೇಳಿದೆ ಅಷ್ಟೆ. ಅವ ಇಲ್ಲಿಗೆ ಬರದಿದ್ರೆ ಆಯ್ತಲ್ಲ, ಅವನಿಗೆಂತ ನಷ್ಟ?" ಎಂದು ಟೀವಿ ಹಾಕಿದರು.

ನೀನು ವಿಮಾನದಿಂದ ಇಳಿದರೆ ಹಿಡಿದುಕೊಳ್ಳಬಹುದು ಎಂದು ವಕೀಲರೂ ಹೇಳಿದರು. ಅದಕ್ಕೇ ಆ ಮೆಸೇಜ್. ನಾಳೆ ದೀಪಾವಳಿ. ಪಕ್ಕದ ಮನೆಯವರು ಮುರುಕ್ಕು ಕೊಟ್ಟು ಹೋದರು, ಮಾತಾಡಲು ನಿಲ್ಲಲಿಲ್ಲ. ಬೀದಿಯಲ್ಲಿ ಮಕ್ಕಳು ಪಟಾಕಿ ಹೊಡೆದಾಗಲೆಲ್ಲ ನಿನ್ನ ಭಾವ ಬೆಚ್ಚಿ ಕಿಟಕಿ ನೋಡುತ್ತಾರೆ. ಮಾಡಿದ ಗುಂಡಿನಲ್ಲಿ ಒಂದನ್ನೂ ಹಾರಿಸದ ಶೂರ. ನನಗೆ ಈಗ ಅವರ ಮೇಲೆ ಕನಿಕರವೂ ಇಲ್ಲ.

ಬುಧವಾರ ನನ್ನ ಹೇಳಿಕೆ ತೆಗೆದುಕೊಳ್ಳುತ್ತಾರೆ. ಗಂಡ ಹೇಳಿದ್ದಕ್ಕೆ ಹೂಂ ಅಂದು ಬಾ ಎಂಬುದು ಈ ಮನೆಯ ತೀರ್ಮಾನ. ನಾನು ನಿಜ ಹೇಳುತ್ತೇನೆ. ತಕ್ಕಡಿ ನನ್ನದು, ಹುಣಸೆಹುಳಿ ನನ್ನ ಅಡುಗೆಮನೆಯದು, ಮಾಡಿದವರು ನನ್ನ ಗಂಡ, ನನ್ನ ತಮ್ಮ ತಂದದ್ದು ಹಪ್ಪಳ ಎನ್ನುತ್ತೇನೆ. ಇವರು ಜೈಲಿಗೆ ಹೋಗಬಹುದು, ನನ್ನ ಕೆಲಸ ಹೋಗಬಹುದು. ಹುಡುಗ ನಿಖಿಲ ಒಳ್ಳೆಯವನು, ಆದರೆ ಅವನ ತಾಯಿ ಆಗಲೇ ಎರಡು ಸಲ ಫೋನ್ ಮಾಡಿ ಏನೂ ಕೇಳದೆ ಇಟ್ಟರು. ಮದುವೆ ನಿಂತರೆ ನನ್ನಿಂದಲೇ ನಿಂತಿತು ಎನ್ನುತ್ತಾರೆ. ಅನ್ನಲಿ. ನಿನ್ನ ಹೆಸರಿನ ಮೇಲೆ ಈ ಮಸಿ ಬಿಟ್ಟು ನಾನು ಆ ಮಂಟಪದಲ್ಲಿ ಅಕ್ಷತೆ ಹಿಡಿದು ನಿಲ್ಲಲಾರೆ.

ನೀನು ಹೆದರಬೇಡ. ಚೈತನ್ಯಾಳಿಗೆ ಮೆಲ್ಲಗೆ ಹೇಳು, ಅವಳು ಬೇಗ ಅಳುತ್ತಾಳೆ. ಹಬ್ಬಕ್ಕೆ ಇಬ್ಬರೂ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿ, ಏನಾದರೂ ಸಿಹಿ ತಿನ್ನಿ. ನಿನ್ನ ಬಾಳು ತಣ್ಣಗಿರಲಿ, ನಿನ್ನ ಹೆಸರು ಹೀಗೇ ಶುದ್ಧವಾಗಿರಲಿ.

ನಿನ್ನ ಅಕ್ಕ,
ವೇದವತಿ

ಮರೆತಿಲ್ಲ, ಬೇಕೆಂದೇ ಕೊನೆಗೆ ಉಳಿಸಿದ್ದು: ನಿನ್ನ ಹೆಸರು ಹೇಳುವ ಯೋಚನೆ ನಿನ್ನ ಭಾವನಿಗೆ ಹೊಳೆದದ್ದಲ್ಲ. ಅಷ್ಟು ಬುದ್ಧಿ ಅವರಿಗಿಲ್ಲ. ಠಾಣೆಗೆ ಶ್ರೀಯಾ ಹೋಟೆಲಿನಿಂದ ಊಟ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದಿದ್ದಳು. ಹೇಳಿಕೆಗೆ ಕರೆಯುವ ಮೊದಲು ಕಾರಿಡಾರಿನ ಬೆಂಚಿನ ಮೇಲೆ ಅಪ್ಪನ ಕೈ ಹಿಡಿದುಕೊಂಡು ಅವಳೇ ಹೇಳಿದಳು, "ಜಸ್ಟ್ ಸೇ ಮಾಮ ಬ್ರಾಟ್ ಇಟ್, ಅಪ್ಪ. ಹೀ ಈಸ್ ಇನ್ ಇಂಡಿಯಾ, ವಾಟ್ ಕೆನ್ ದೇ ಡೂ ಟು ಹಿಮ್?" ನೀನು ಭುಜದ ಮೇಲೆ ಕೂರಿಸಿಕೊಂಡು ಮಲ್ಪೆಯ ಕಡಲು ತೋರಿಸಿದ ಹುಡುಗಿ. ಇವತ್ತು ಬೆಳಿಗ್ಗೆ ಸೀರೆಗಳನ್ನು ತೆಗೆದಿಡುತ್ತಾ ನನ್ನನ್ನು ಕೇಳಿದಳು, ಮಾಮ ಬರದಿದ್ದರೂ ಶಂಕರಪುರ ಮಲ್ಲಿಗೆಯನ್ನು ಯಾರ ಕೈಯಲ್ಲಾದರೂ ಕಳಿಸುತ್ತಾರಲ್ಲ ಎಂದು.