ತಲೆಮರೆಸಿಕೊಂಡ ಮೂರು ಕಾರುಗಳು

ಮಾನ್ಯ ಮುಖ್ಯ ವಾಹನ ತಪಾಸಣಾಧಿಕಾರಿಗಳೇ,

ನಮ್ಮ ವಂಶದ ಇತಿಹಾಸದಲ್ಲಿ ಪ್ರಪ್ರಥಮ ಬಾರಿಗೆ ಒಬ್ಬ ಸದಸ್ಯ ನಾಲ್ಕು ಕಾರುಗಳ ಒಡೆಯನಾಗಿದ್ದಾನೆ ಎಂಬ ಶುಭವಾರ್ತೆಯನ್ನು ಈ ಮೂಲಕ ಲೋಕಕ್ಕೆ ಸಾರುತ್ತಿದ್ದೇನೆ. ಆ ಸದಸ್ಯ ನಾನೇ. ನಾಲ್ಕರಲ್ಲಿ ಒಂದು ಕಾರು ತಮ್ಮ ಕಚೇರಿಯ ಹಿತ್ತಲಲ್ಲಿ ಐದು ತಿಂಗಳಿಂದ ಬಿಸಿಲು ಕಾಯಿಸಿಕೊಳ್ಳುತ್ತಿದೆ. ಉಳಿದ ಮೂರು ಇಲ್ಲ. ಕಳುವಾಗಿಲ್ಲ, ಮಾರಿಲ್ಲ, ಕೆಟ್ಟು ನಿಂತಿಲ್ಲ; ಅವು ಹುಟ್ಟಿಯೇ ಇಲ್ಲ. ಆದರೂ ತಮ್ಮ ದಾಖಲೆಯಲ್ಲಿ ಅವು ಸುಖವಾಗಿವೆ. ಮೂರು ಸಲ ತಪಾಸಣೆಗೆ ಕರೆದರೂ ಬಾರದೆ ‘ತಲೆಮರೆಸಿಕೊಂಡಿವೆ’. ಅವು ಬಂದು ಹಾಜರಾಗುವ ತನಕ ಇರುವ ಒಂದನ್ನೂ ಬಿಡತಕ್ಕದ್ದಲ್ಲ ಎಂದು ತಾವು ಸಹಿ ಮಾಡಿದ ಕಾಗದ ನನ್ನ ಮುಂದಿದೆ. ಸಹಿ ಬಹಳ ಮುದ್ದಾಗಿದೆ. ಅದರ ಬಗ್ಗೆ ನನ್ನ ತಕರಾರಿಲ್ಲ.

ಇದಕ್ಕೆಲ್ಲ ಕಾರಣಪುರುಷ ನನ್ನ ಭಾವ, ಅಕ್ಕನ ಗಂಡ. ನಲವತ್ತು ವರ್ಷ ಲೇತ್ ಮುಂದೆ ನಿಂತು ಲೋಹ ಕಡೆದ ಟರ್ನರ್. ಆ ಲೇತ್ ಸದ್ದೇ ಅವರ ಬಲಗಿವಿಯನ್ನು ಎಂದೋ ತಿಂದು ಮುಗಿಸಿತು. ಎಡಗಿವಿಯನ್ನು ಪರೀಕ್ಷಿಸಿದ ಕಿವಿ ಡಾಕ್ಟರು ಹನ್ನೊಂದು ತಿಂಗಳ ಹಿಂದೆ, “ಇದೂ ಹೆಚ್ಚಂದ್ರೆ ಒಂದು ವರ್ಷ. ಮೆಷಿನ್ ಹಾಕ್ಕೊಂಡ್ರೆ ಮಾತು ಒಂದಿಷ್ಟು ತಿಳಿದೀತು, ಸಣ್ಣ ಸದ್ದೆಲ್ಲ ಹೋದ ಹಾಗೇ” ಎಂದರು. ಬೇರೆ ಯಾರಾದರೂ ಆಗಿದ್ದರೆ ಆ ಒಂದು ವರ್ಷ ಕೂತು ಹಾಡು ಕೇಳುತ್ತಿದ್ದರು. ಭಾವ ಮನೆಗೆ ಬಂದವರೇ ನನ್ನ ಹಳೇ ಕಾರಿನ ಬಾನೆಟ್ ಎತ್ತಿದರು.

ಗಾಳಿಗೆ ಪೆಟ್ರೋಲ್ ಬೆರೆಸಿಕೊಡುವ ಅದರ ಕಾರ್ಬ್ಯುರೇಟರ್ ಬಿರುಕು ಬಿಟ್ಟು ವರ್ಷಗಳಾಗಿದ್ದವು. ಹೊಸದು ಸಿಗುವುದಿಲ್ಲ, ಅದನ್ನು ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದೆ. ತಮಗೆ ಸುಲಭವಾಗಲೆಂದು ಹೀಗೆ ಹೇಳುತ್ತೇನೆ: ಅದರೊಳಗಿನ ಥ್ರಾಟಲ್ ಎಂದರೆ ಎಂಜಿನ್ನಿನ ಮೂಗು. ಎಷ್ಟು ಗಾಳಿ ಒಳಗೆ ಹೋಗಬೇಕೆಂದು ಅದೇ ತೀರ್ಮಾನಿಸುತ್ತದೆ. ನಮ್ಮ ಎಂಜಿನ್ನಿಗೆ ನಾಲ್ಕು ಸಿಲಿಂಡರು, ನಾಲ್ಕೂ ಸೇರಿ ಉಸಿರಾಡಲು ಒಂದೇ ಮೂಗು. “ಒಂದೇ ಮೂಗಲ್ಲಿ ನಾಲ್ಕು ಜನ ಉಸಿರಾಡಿದ್ರೆ ಯಾರಿಗೂ ಸಾಕಾಗಲ್ಲ ಕಣೋ. ತಲೆಗೊಂದು ಮಾಡ್ತೀನಿ” ಎಂದರು ಭಾವ. ಪೆಟ್ರೋಲ್ ಚಿಮ್ಮಿಸಲು ಬೇಕಾದದ್ದನ್ನೆಲ್ಲ ಗುಜರಿಯಿಂದ ಆಯ್ದು ತಂದರು. ಮೂಗುಗಳನ್ನು ಮಾತ್ರ ಸ್ವಂತ ಕೈಯಿಂದ ಕಡೆದರು.

ಆರು ತಿಂಗಳು ಹಿಡಿಯಿತು, ಮಾನ್ಯರೇ. ಅಲ್ಯುಮಿನಿಯಂ ದಿಂಡಿನಲ್ಲಿ ಕೊರೆದ ನಾಲ್ಕು ಕೊಳವೆ. ಪ್ರತಿಯೊಂದರ ಒಳಗೂ ಸಣ್ಣ ಸರಳಿನ ಮೇಲೆ ತಿರುಗುವ ಒಂದು ಹಿತ್ತಾಳೆ ಬಿಲ್ಲೆ. ಆ ಬಿಲ್ಲೆ ಕಣ್ಣಿಗೆ ದುಂಡಗೆ ಕಾಣುತ್ತದೆ, ಆದರೆ ಕೂದಲೆಳೆಯಷ್ಟು ಮೊಟ್ಟೆಯಾಕಾರ. ಪೂರ್ತಿ ದುಂಡಗಿದ್ದರೆ ಓರೆಯಾಗಿ ಮುಚ್ಚಿಕೊಳ್ಳುವಾಗ ಸಿಕ್ಕಿಹಾಕಿಕೊಳ್ಳುತ್ತದೆ. ಭಾವ ಬಿಲ್ಲೆ ಮುಚ್ಚಿ ಕೊಳವೆಯನ್ನು ದೀಪಕ್ಕೆ ಹಿಡಿಯುತ್ತಿದ್ದರು. ಅಂಚಿನಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಬೆಳಕು ನುಸುಳಿದರೆ ಆ ಬಿಲ್ಲೆ ಸೀದಾ ಡಬ್ಬಿಗೆ. ಹಾಗೆ ಏಳು ಹೋದವು. ಅಕ್ಕ ಬಾಗಿಲಲ್ಲಿ ನಿಂತು, “ಮದುವೆಯಾದಾಗಿಂದ ನನ್ನ ಮುಖಾನ ಇಷ್ಟು ಹೊತ್ತು ಬೆಳಕಿಗೆ ಹಿಡಿದು ನೋಡಿಲ್ಲ ಮಹಾರಾಯ್ರು” ಎಂದಳು. ಭಾವನಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಿತು.

ಕೊನೆಗೆ ನಾಲ್ಕೂ ಮೂಗು ಸಮನಾಗಿ ಉಸಿರೆಳೆಯುವಂತೆ ಹದ ಮಾಡಬೇಕು. ಅದಕ್ಕೆ ಈಗ ಗಡಿಯಾರದಂಥ ಸಾಧನಗಳಿವೆ. ಭಾವನ ಸಾಧನ ಎರಡು ಗಜ ರಬ್ಬರ್ ಪೈಪು. ಎಂಜಿನ್ ಓಡುತ್ತಿರುವಾಗ ಅದರ ಒಂದು ತುದಿ ಮೂಗಿನ ಬಾಯಿಗೆ, ಇನ್ನೊಂದು ತುದಿ ಎಡಗಿವಿಗೆ. ಒಳಗೆ ಹೋಗುವ ಗಾಳಿಯ ಸುಯ್ ಎಂಬ ಸದ್ದು ನಾಲ್ಕರಲ್ಲೂ ಒಂದೇ ಥರ ಕೇಳಿಸುವವರೆಗೆ ಸ್ಕ್ರೂ ತಿರುಗಿಸುತ್ತಾರೆ. ನಿಂತಲ್ಲಿ ಹದ ಆಯಿತು. “ನಿಂತಾಗ ಎಲ್ಲರೂ ಸಮಾನೇ ಕಣೋ” ಎಂದರು. “ಭಾರ ಎಳೆಯುವಾಗ ಗೊತ್ತಾಗೋದು ಯಾರು ಕಳ್ಳಬೀಳ್ತಾರೆ ಅಂತ. ಒಂದ್ಸಲ ದಿಬ್ಬ ಹತ್ತಿಸು. ಪಕ್ಕದಲ್ಲಿ ಕೂತು ಪೈಪಲ್ಲಿ ಕೇಳ್ತೀನಿ. ಅಷ್ಟಾದ್ರೆ ನನ್ನ ಕೆಲಸ ಮುಗೀತು.” ಅವರಿಗೆ ಈ ಜನ್ಮದಲ್ಲಿ ಕಿವಿಯಿಂದ ಬೇಕಾಗಿದ್ದದ್ದು ಅದೊಂದೇ ದಿಬ್ಬ.

ರಸ್ತೆಗೆ ಇಳಿಸಲು ತಮ್ಮ ಅನುಮತಿ ಬೇಕಲ್ಲ? ಕಾನೂನಿನ ಮನುಷ್ಯರಾದ ನಾವು ಕಾರನ್ನು ತಳ್ಳಿಕೊಂಡೇ ತಮ್ಮಲ್ಲಿಗೆ ತಂದೆವು. ಇಲ್ಲಿ ಭಾವನ ಅಪರಾಧವನ್ನು ನಾನೇ ಒಪ್ಪಿಕೊಳ್ಳುತ್ತೇನೆ. ಒಳ್ಳೆಯ ಕೆಲಸಗಾರ ತಾನು ಮಾಡಿದ ಭಾಗ ಅದಲುಬದಲಾಗದಿರಲೆಂದು ಅದಕ್ಕೆ ಗುರುತು ಕೊಡುತ್ತಾನೆ. ಭಾವ ನಾಲ್ಕೂ ಮೂಗುಗಳ ಮೇಲೆ ಎಂಜಿನ್ ನಂಬರನ್ನು ಪಂಚ್ ಮಾಡಿ, ಮುಂದೆ ಒಂದು, ಎರಡು, ಮೂರು, ನಾಲ್ಕು ಎಂದು ಹೊಡೆದಿದ್ದರು. ಅಕ್ಷರ ಒಂದೂ ವಾಲಿರಲಿಲ್ಲ. ತಮ್ಮ ತಪಾಸಕರು ಟಾರ್ಚು ಬಿಟ್ಟು ನೋಡಿದರು.

“ಈ ನಾಲ್ಕು ನಂಬರೂ ಬೇರೆ ಬೇರೆನಾ?”

“ಬೇರೆ ಬೇರೇನೇ ಸಾರ್” ಎಂದರು ಭಾವ, ಹೆಮ್ಮೆಯಿಂದ. “ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ.”

“ಅಂದ್ರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ?”

“ನಾಲ್ಕೂ ಸ್ವತಂತ್ರ ಸಾರ್! ಅದೇ ಇದರ ವಿಶೇಷ.”

ನಾನು ಭಾವನ ಬೆನ್ನು ಚಿವುಟಿದೆ. ತಡವಾಗಿತ್ತು. ತಪಾಸಕರು ನಾಲ್ಕು ಎಂಜಿನ್ ನಂಬರ್ ಬರೆದುಕೊಂಡರು. ಒಳಗೆ ಕಂಪ್ಯೂಟರ್ ಮುಂದಿದ್ದ ಗುಮಾಸ್ತೆ ಅವನ್ನು ತುಂಬಿದರು. ಒಂದು ಎಂಜಿನ್ನಿಗೆ ಒಂದು ಕಾರು ಎಂದು ನಂಬಿರುವ ಆ ಸುಸಂಸ್ಕೃತ ಯಂತ್ರ ನಾಲ್ಕು ಕಾರುಗಳನ್ನು ಹೆತ್ತಿತು.

“ಮೂರನ್ನ ಅಳಿಸಿಬಿಡಿ ತಾಯಿ” ಎಂದೆ.

“ಅಳಿಸಕ್ಕಾಗಲ್ಲ ಸಾರ್. ಗುಜರಿಗೆ ಹಾಕಿದ ಸರ್ಟಿಫಿಕೇಟ್ ತನ್ನಿ, ಮುಚ್ಚಿಕೊಡ್ತೀನಿ.”

ಗುಜರಿಯವನ ಹತ್ತಿರ ಹೋದೆ. “ಗಾಡಿ ತೂಕ ಹಾಕ್ದೆ ಚೀಟಿ ಕೊಡಲ್ಲ” ಎಂದ. ಇಲ್ಲದ ಮೂರು ಕಾರುಗಳ ತೂಕವೆಷ್ಟು ಎಂದು ತಮ್ಮ ಇಲಾಖೆಯ ಯಾವ ಕೋಷ್ಟಕದಲ್ಲಾದರೂ ಇದೆಯೇ? ಹೋಗಲಿ, ಆ ನಂಬರುಗಳನ್ನೇ ಅರದಿಂದ ಉಜ್ಜಿಬಿಡುತ್ತೇವೆ ಎಂದರೆ ತಪಾಸಕರು ಬೆಚ್ಚಿಬಿದ್ದು, “ಎಂಜಿನ್ ನಂಬರ್ ಅಳಿಸೋದು ಕ್ರಿಮಿನಲ್ ಕೇಸು ಕಣ್ರೀ!” ಎಂದರು. ಒಂದು ಮಾತು ಕೇಳಲೇ? ತಮ್ಮ ಮೂಗಿಗೂ ಹೊಳ್ಳೆ ಎರಡಿರಬೇಕು. ಹಾಗೆಂದು ಹಾಜರಿ ಪುಸ್ತಕದಲ್ಲಿ ಯಾರಾದರೂ ತಮ್ಮನ್ನು ಇಬ್ಬರು ಅಧಿಕಾರಿಗಳೆಂದು ಬರೆದು, ಬಾರದ ಇನ್ನೊಬ್ಬರಿಗೆ ನೋಟಿಸು ಕೊಟ್ಟಿದ್ದಾರೆಯೇ?

ಮೇಲ್ಮನವಿ ಸಮಿತಿ ಇದೆ ಎಂದು ಗೊತ್ತು. ಅದು ಸೇರುವುದು ಇನ್ನು ಆರು ತಿಂಗಳಿಗೆ. ಡಾಕ್ಟರು ಕೊಟ್ಟ ವರ್ಷದಲ್ಲಿ ಆರು ತಿಂಗಳನ್ನು ಭಾವ ಲೇತಿಗೆ ಕೊಟ್ಟರು, ಐದನ್ನು ತಾವು ತೆಗೆದುಕೊಂಡಿರಿ. ಉಳಿದದ್ದು ಒಂದು. ಅದೂ ಡಾಕ್ಟರ ಅಂದಾಜು. ಭಾವನಿಗೆ ತನ್ನದೇ ಅಳತೆ ಇದೆ. ದಿನಾ ಬೆಳಗ್ಗೆ ಅಡುಗೆಮನೆಯ ನಲ್ಲಿಯನ್ನು ಗುರುತು ಹಾಕಿಟ್ಟಷ್ಟೇ ತಿರುಗಿಸಿ, ಸಣ್ಣ ಧಾರೆಯ ಸದ್ದು ಎಲ್ಲಿಯವರೆಗೆ ಕೇಳುತ್ತದೆಂದು ಹಿಂದೆ ಸರಿಯುತ್ತಾ ನೋಡುತ್ತಾರೆ. ಕಾರು ತಮ್ಮ ಹಿತ್ತಲು ಸೇರಿದ ವಾರ ಅವರು ಹಜಾರದ ಕುರ್ಚಿಯ ಹತ್ತಿರ ನಿಂತು ಕೇಳುತ್ತಿದ್ದರು. ಆಮೇಲೆ ಅಡುಗೆಮನೆಯ ಹೊಸ್ತಿಲು. ಆಮೇಲೆ ಒಲೆಯ ಕಟ್ಟೆ.

“ನೀರು ಸುಮ್ನೆ ಹೋಗ್ತಿದೆ, ನಿಲ್ಸಿ” ಎಂದು ಅಕ್ಕ ಮೊದಮೊದಲು ಗದರುತ್ತಿದ್ದಳು. ಈಗ ಧಾರೆಯ ಕೆಳಗೆ ಬಕೆಟ್ ಇಟ್ಟು ಆಚೆ ಹೋಗುತ್ತಾಳೆ. ಮೊನ್ನೆ ನಾನು ಹೋದಾಗ ಭಾವ ಸಿಂಕಿನ ಅಂಚಿಗೆ ಕೆನ್ನೆ ಒತ್ತಿಕೊಂಡು ಬಗ್ಗಿದ್ದರು.

“ಕೇಳ್ತಿದೆಯಾ ಭಾವ?” ಎಂದು ಕೂಗಿದೆ.

“ನಿನ್ನ ಮಾತು ಕೇಳ್ತಿದೆ. ಇದು ಕಣ್ಣಿಗೆ ಕಾಣ್ತಿದೆ, ಅಷ್ಟೆ” ಎಂದರು.

ಮಾನ್ಯರೇ, ನನ್ನ ಬೇಡಿಕೆ ಇಷ್ಟು. ಆ ಮೂರು ಕಾರುಗಳನ್ನು ತಾವೇ ಇಟ್ಟುಕೊಳ್ಳಿ, ಸಾಕಿ ಸಲಹಿ, ನನ್ನ ಆಕ್ಷೇಪವಿಲ್ಲ. ಇರುವ ಒಂದನ್ನು ಅರ್ಧ ಗಂಟೆ ಬಿಡಿ. ತಮ್ಮ ಗೇಟಿನ ಎದುರಿನ ದಿಬ್ಬ ಹತ್ತಿ ಇಳಿಯುವಷ್ಟು. ಹಿಂದಿನ ಸೀಟಿನಲ್ಲಿ ತಪಾಸಕರೇ ಕೂರಲಿ. ಓಡಿಹೋಗುತ್ತೇವೆಂಬ ಶಂಕೆಯಿದ್ದರೆ ತಾವೂ ಬನ್ನಿ. ಇದನ್ನು ಈಗಾಗಲೇ ನಾಲ್ಕು ಅರ್ಜಿಗಳಲ್ಲಿ ಬರೆದಿದ್ದೇನೆ. ನಾಲ್ಕಕ್ಕೂ ‘ತಮ್ಮ ಅರ್ಜಿ ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂದಿದೆ. ಐದನೆಯದಕ್ಕೆ ಬೇರೆ ಬರುತ್ತದೆಂದು ನಂಬುವಷ್ಟು ಎಳೆಯವನಲ್ಲ ನಾನು. ಭಾವನಂತೂ ದಿಬ್ಬದ ಮಾತು ಎತ್ತುವುದನ್ನೇ ಬಿಟ್ಟಿದ್ದಾರೆ.

ಆದ್ದರಿಂದ ಕೊನೆಯದಾಗಿ ಒಂದು ಚಿಕ್ಕ ಉಪಕಾರ. ವಶದಲ್ಲಿರುವ ವಾಹನವನ್ನು ಓಡಿಸಬಾರದು ಎಂದು ನಿಯಮವಿದೆ; ನಿಂತಲ್ಲೇ ಸ್ಟಾರ್ಟ್ ಮಾಡಬಾರದು ಎಂದು ಎಲ್ಲೂ ಇಲ್ಲವೆಂದು ತಿಳಿದವರೊಬ್ಬರು ಹೇಳಿದರು. ಬರುವ ಗುರುವಾರ ಹನ್ನೊಂದು ಗಂಟೆಗೆ ನಾನೂ ಭಾವನೂ ಬ್ಯಾಟರಿ ಹೊತ್ತುಕೊಂಡು ಬರುತ್ತೇವೆ. ದಿಬ್ಬವಿಲ್ಲದಿದ್ದರೂ ನಿಂತ ಕಾರಿನ ಎಂಜಿನ್ನಿನ ಉಸಿರನ್ನಾದರೂ ಅವರು ಇನ್ನೊಮ್ಮೆ ಕೇಳಲಿ. ಕಾರಿನಿಂದ ಮೂರು ಮಾರು ದೂರದಲ್ಲಿ ತಮ್ಮ ಕಚೇರಿಯ ಜನರೇಟರ್ ಇದೆ. ಅದರ ಆರ್ಭಟದಲ್ಲಿ ಕಿವಿ ನೆಟ್ಟಗಿರುವ ನನಗೇ ಏನೂ ಕೇಳಿಸುವುದಿಲ್ಲ. ದಯವಿಟ್ಟು ಅದನ್ನು ಐದು ನಿಮಿಷ ಆರಿಸಲು ಹೇಳಿ. ತಮ್ಮ ಫ್ಯಾನು ನಿಲ್ಲುತ್ತದೆ, ಬಲ್ಲೆ. ಅಷ್ಟು ಹೊತ್ತು ಈ ಪತ್ರದಿಂದಲೇ ಗಾಳಿ ಬೀಸಿಕೊಳ್ಳಬಹುದು; ಅದಕ್ಕೆಂದೇ ದಪ್ಪ ಹಾಳೆಯಲ್ಲಿ ಬರೆದಿದ್ದೇನೆ.

ಇಂತಿ,
ಎಲ್ಲಿಗೆ ಹೋದರೂ ಭಾವನ ಎಡಬದಿಗೇ ನಡೆಯುವ
ಅವರ ಬಾಮೈದ